ಮುಚ್ಚಳದ ವಾಕ್ಯ

ಶೋವಾ ೫೪ (೧೯೭೯), ಜನವರಿ ೮, ಸೋಮವಾರ

ಇವತ್ತು ನನ್ನ ಭುಜ ತಟ್ಟಿದರು.

ಹೊಸ ವರ್ಷದ ರಜೆ ಮುಗಿದು ಇನ್ನೂ ಮೇಜಿನ ಧೂಳು ಒರೆಸಿರಲಿಲ್ಲ. ನಿರ್ದೇಶಕ ತಮಾಕಿಯವರು ಹಿಂದಿನಿಂದ ಬಂದು ನಿಂತು ಎಡ ಭುಜದ ಮೇಲೆ ಎರಡು ಸಲ ಮೆತ್ತಗೆ ತಟ್ಟಿ, "ಇಗರಾಶಿಯವ್ರೇ, ತುಂಬಾ ದುಡಿದ್ರಿ. ಇನ್ನು ಸ್ವಲ್ಪ ಆರಾಮಾಗಿರಿ" ಅಂದರು. ನಮ್ಮ ತ್ಸುಬಾಮೆ ಊರಿನ ಯಾವ ಪಾತ್ರೆ ಕಾರ್ಖಾನೆಯಲ್ಲಿ ತಟ್ಟಿದರೂ ಇದಕ್ಕೆ ಅರ್ಥ ಒಂದೇ, ಗಂಟುಮೂಟೆ ಕಟ್ಟು. ಮಾರ್ಚ್ ಕೊನೆಗೆ ನನಗೆ ಐವತ್ತೈದು. ಇದೇ ವಯಸ್ಸಿನ ಗಂಡಸರ ಭುಜ ಯಾರೂ ಮುಟ್ಟುವುದಿಲ್ಲ.

ಅಷ್ಟೇ ಆಗಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ. ಹೋಗುವಾಗ ಅವರು ಇನ್ನೊಂದು ಮಾತು ಸೇರಿಸಿದರು. "ಕೆಲಸ ವಹಿಸಿಕೊಡೋ ಪುಸ್ತಕ ಚೆನ್ನಾಗಿ ಬರೆದಿಡಿ. ನಿಮಗೆ ಗೊತ್ತಿರೋದೆಲ್ಲಾ ಹೊನ್ಮಾ ಕೈಗೆ ಹೋಗ್ಲಿ."

ಹೊನ್ಮಾ ಕೈಗೆ! ಆ ಕೈ ಈಗಾಗಲೇ ನನ್ನ ಚೀಟಿಗಳ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಹೋಗಿ ಬಂದಿದೆ.

ಬರೆದಿಡುತ್ತೇನೆ, ಸಿಟ್ಟು ತಣ್ಣಗಾದರೆ ಓದಿಕೊಳ್ಳಲು ಬೇಕು. ನಮ್ಮ ಕುಕ್ಕರುಗಳ ಜೊತೆ ಅಮೆರಿಕಕ್ಕೆ ಹೋಗುವ ಇಂಗ್ಲಿಷ್ ಪುಸ್ತಿಕೆಗಳನ್ನು ಇಪ್ಪತ್ತಾರು ವರ್ಷದಿಂದ ಬರೆಯುತ್ತಿರುವವಳು ನಾನು. ಹೇಗೆ ಮುಚ್ಚಬೇಕು, ಹೇಗೆ ತೆರೆಯಬೇಕು, ಹೇಗೆ ತೊಳೆಯಬೇಕು. ಒಂದೇ ಸಂಗತಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಎರಡು ದಾರಿ ಕಂಡಾಗಲೆಲ್ಲ ಒಂದು ಚೀಟಿ ಬರೆದೆ. ಮುಂದುಗಡೆ ಎರಡು ವಾಕ್ಯ, ಬೇಕಾದದ್ದಕ್ಕೆ ಕೆಂಪು ಸುತ್ತು. ಹಿಂದುಗಡೆ, ಅದೇ ಯಾಕೆ ಬೇಕು ಎಂಬ ಕಾರಣ. ಹೀಗೆ ಸಾವಿರದ ನೂರ ನಲವತ್ತು ಚೀಟಿ. ಹೋದ ವರ್ಷ ಹೊನ್ಮಾ ಅವುಗಳ ಮುಂದುಗಡೆಯನ್ನೆಲ್ಲ ನಕಲು ಮಾಡಿ, ರಟ್ಟು ಹಾಕಿಸಿ, 'ಹೊನ್ಮಾ ಪದ್ಧತಿ' ಎಂದು ಹೆಸರಿಟ್ಟು ಅಧ್ಯಕ್ಷರ ಮುಂದಿಟ್ಟ. ಬಹುಮಾನ ಬಂತು, ಹಿಂದೆಯೇ ವಿಭಾಗದ ಮುಖ್ಯಸ್ಥನ ಕುರ್ಚಿಯೂ ಬಂತು. ಇಪ್ಪತ್ತೆರಡರಲ್ಲಿ ಕೆಲಸಕ್ಕೆ ಸೇರಿದಾಗ "ಗುರುಗಳೇ, ಗುರುಗಳೇ" ಎಂದು ನನ್ನ ಹಿಂದೆ ಸುತ್ತುತ್ತಿದ್ದವನು ಈಗ ಮೂವತ್ತೊಂದಕ್ಕೆ ನನ್ನ ಸಾಹೇಬ. ಗುರುವಿಗೇ ತಿರುಮಂತ್ರ.

ಅವನ ತಲೆಯನ್ನು ಎಲ್ಲರೆದುರು ತಗ್ಗಿಸದೆ ನಾನು ಈ ಕಾರ್ಖಾನೆಯ ಬಾಗಿಲು ದಾಟುವುದಿಲ್ಲ. ಇನ್ನು ಎಂಬತ್ತೆರಡು ದಿನ ಇದೆ.

ಜನವರಿ ೧೧, ಗುರುವಾರ

ಅಮ್ಮನಿಗೆ ಹೇಳಿದೆ. ಎಂಬತ್ತೊಂದರ ಮುದುಕಿ, ಮೂಲಂಗಿ ಉಪ್ಪಿನಕಾಯಿ ಕಡಿಯುತ್ತಾ ಕೇಳಿಸಿಕೊಂಡಳು.

"ನನ್ನ ಹೆಸ್ರು ಯಾಕಪ್ಪಾ ಹಾಕ್ಲಿಲ್ಲ ಅಂತ ಅವನ್ನ ಕೇಳಿದ್ಯೇನೇ?"

"ನಾನ್ಯಾಕಮ್ಮ ಕೇಳ್ಬೇಕು?"

"ಹಾಗಾದ್ರೆ ಮನೇಲಿ ಕೂತು ಬೈಕೋ. ಅಕ್ಕಿ ತೊಳೆದಿಟ್ಯಾ?"

ನನ್ನ ತಾಯಿ ಒಂದು ದಿನಕ್ಕಾದರೂ ನನ್ನ ಕಡೆ ನಿಂತವಳಲ್ಲ.

ಜನವರಿ ೨೫, ಗುರುವಾರ

ಕಚೇರಿಯ ಕಾಗದದ ಮೇಲೆ ಚಿಕ್ಕವರು ಸಹಿಯ ಬದಲು ತಮ್ಮ ಹೆಸರಿನ ಮೊಹರು ಒತ್ತುವಾಗ ಮೇಲಿನವರ ಮೊಹರಿನ ಕಡೆ ಸ್ವಲ್ಪ ವಾಲಿಸಿ ಒತ್ತಬೇಕು. ಕಾಗದದ ಮೇಲೂ ನಮಸ್ಕಾರ ತಪ್ಪಬಾರದು. ಸೋಮವಾರದಿಂದ ನಾನು ನೆಟ್ಟಗೆ ಒತ್ತುತ್ತಿದ್ದೇನೆ. ಹೊನ್ಮಾನ ಚೌಕದ ಪಕ್ಕ ನನ್ನ ಹೆಸರು ಕಂಬದ ಹಾಗೆ ನಿಂತಿದೆ.

ಒಂಬತ್ತು ಕಾಗದ ಹೋದವು. ಅವನಿಗೆ ತಿಳಿಯಲೇ ಇಲ್ಲ. ಅವಮಾನ ಮಾಡಿದರೆ ಅರ್ಥವಾಗುವಷ್ಟು ಬುದ್ಧಿಯಾದರೂ ಶತ್ರುವಿಗೆ ಇರಬೇಕು. ಈ ಚಿಲ್ಲರೆ ಕೆಲಸದಿಂದ ಏನೂ ಆಗುವುದಿಲ್ಲ.

ಫೆಬ್ರವರಿ ೫, ಸೋಮವಾರ

ಸಿಕ್ಕಿತು.

ವಸಂತಕ್ಕೆ ಹೊಸ ಕುಕ್ಕರ್ ಹೊರಡುತ್ತದೆ. ಅದರ ಪುಸ್ತಿಕೆ ನನ್ನ ಕೊನೆಯ ಪುಸ್ತಿಕೆ, ಹದಿನಾರು ಪುಟ. ಏಳನೆಯ ಪುಟದಲ್ಲಿ ಮುಚ್ಚಳ ತೆರೆಯುವುದು ಹೇಗೆ ಎಂದು ಇದೆ.

ಇಂಗ್ಲಿಷಿನಲ್ಲಿ ಇದನ್ನು ಎರಡು ಥರ ಹೇಳಬಹುದು, ಎರಡೂ ತಪ್ಪಿಲ್ಲದ ಇಂಗ್ಲಿಷೇ. ಒಂದರಲ್ಲಿ 'ಆವಿ ಪೂರ್ತಿ ಹೋಗಲಿ' ಎನ್ನುವುದು ಮೊದಲು ಬರುತ್ತದೆ, 'ಆಮೇಲೆ ಮುಚ್ಚಳ ತೆರೆಯಿರಿ' ಎಂಬುದು ನಂತರ. ಇನ್ನೊಂದರಲ್ಲಿ 'ಮುಚ್ಚಳ ತೆರೆಯಿರಿ' ಎಂಬುದೇ ಮೊದಲು ಬಂದು ಕೂರುತ್ತದೆ, 'ಆವಿ ಹೋದ ಮೇಲೆ' ಎಂಬುದು ಬಾಲದ ಹಾಗೆ ಹಿಂದೆ ಬರುತ್ತದೆ. ಒಲೆ ಮುಂದೆ ನಿಂತವಳು ಒಂದು ಕೈಯಲ್ಲಿ ಪುಸ್ತಿಕೆ ಹಿಡಿದಿರುತ್ತಾಳೆ. ಕಣ್ಣು ಅರ್ಧ ವಾಕ್ಯದಲ್ಲಿರುವಾಗಲೇ ಇನ್ನೊಂದು ಕೈ ಕೆಲಸಕ್ಕೆ ಇಳಿದಿರುತ್ತದೆ. ಬಾಲ ಓದುವಷ್ಟರಲ್ಲಿ ಮುಖ ಸುಟ್ಟಿರುತ್ತದೆ.

ನಮ್ಮವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮ ಜಪಾನಿ ಭಾಷೆಯಲ್ಲಿ ಆವಿ ತಾನಾಗಿಯೇ ಮೊದಲು ಬರುತ್ತದೆ, ಮುಚ್ಚಳ ಕೊನೆಗೆ. ಇಂಗ್ಲಿಷ್ ವಾಕ್ಯವನ್ನೂ ನಮ್ಮವರು ತಲೆಯೊಳಗೆ ನಮ್ಮ ಕ್ರಮಕ್ಕೆ ತಿರುಗಿಸಿಕೊಂಡೇ ಓದುತ್ತಾರೆ. ಹಾಗಾಗಿ ಯಾವ ಕ್ರಮದಲ್ಲಿ ಬರೆದರೂ ಅವರಿಗೆ ಸರಿಯಾಗಿಯೇ ಕಾಣುತ್ತದೆ. ಹೊನ್ಮಾನಿಗೂ ಸರಿಯಾಗಿಯೇ ಕಂಡೀತು. ಚೀಟಿಯ ಹಿಂದುಗಡೆಯನ್ನು ಅವನು ನಕಲು ಮಾಡಿಲ್ಲವಲ್ಲ!

ಆದರೆ ಅಮೆರಿಕದ ಒಹಾಯೊದ ಆಮದುದಾರರ ಕಚೇರಿಯಲ್ಲಿ ಹ್ಯಾಸ್ಕಲ್ ಎಂಬ ಒಬ್ಬ ಮುದುಕನಿದ್ದಾನೆ. ಕರಡಿನ ಸಾಲು ಸಾಲನ್ನೂ ಕೆಂಪು ಪೆನ್ಸಿಲ್ ಹಿಡಿದು ಓದುವವನು. ಹೋದ ವರ್ಷ ಒಂದು ಅಲ್ಪವಿರಾಮಕ್ಕೆ ಒಂದು ಪುಟ ಪತ್ರ ಬರೆದಿದ್ದ. ಇದನ್ನು ಕಂಡರೆ ಬೆಂಕಿಯಾಗುತ್ತಾನೆ. 'ಇಂಥ ಅಪಾಯದ ವಾಕ್ಯಕ್ಕೆ ನಿಮ್ಮ ಮುಖ್ಯಸ್ಥ ಹೇಗೆ ಒಪ್ಪಿಗೆ ಕೊಟ್ಟ' ಎಂದು ನೇರ ಅಧ್ಯಕ್ಷರಿಗೇ ಬರೆಯುತ್ತಾನೆ. 'ಹೊನ್ಮಾ ಪದ್ಧತಿ' ಅವತ್ತೇ ಕಸದ ಬುಟ್ಟಿಗೆ. ಅಚ್ಚಿಗೆ ಹೋಗುವ ಮೊದಲೇ ಸಿಕ್ಕಿಬೀಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬರೆದೆ. ಮುಚ್ಚಳ ಮೊದಲು, ಆವಿ ಆಮೇಲೆ.

ಫೆಬ್ರವರಿ ೬, ಮಂಗಳವಾರ

ಒಳ್ಳೆ ನಿದ್ದೆ. ಬೆಳಿಗ್ಗೆ ಎರಡು ಬಟ್ಟಲು ಅನ್ನ ತಿಂದೆ.

ಫೆಬ್ರವರಿ ೧೪, ಬುಧವಾರ

ಕರಡಿನ ಜೊತೆ, ಮೊಹರು ಒತ್ತಲು ಐದು ಚೌಕವಿರುವ ಹಾಳೆ ಸುತ್ತುತ್ತದೆ. ಮೊದಲನೆಯದು ನನ್ನದು, ಆಮೇಲೆ ಹೊನ್ಮಾ, ವಿನ್ಯಾಸದವರು, ಮಾರಾಟದವರು, ಕೊನೆಗೆ ತಮಾಕಿ. ಹೊನ್ಮಾ ಓದುವುದನ್ನು ನನ್ನ ಮೇಜಿನಿಂದ ನೋಡುತ್ತಿದ್ದೆ. ಏಳನೆಯ ಪುಟದಲ್ಲಿ ಸ್ವಲ್ಪ ಹೊತ್ತು ನಿಂತ. ಕಿಟಕಿಯಾಚೆ ಹಿಮ ತಳ್ಳುವವರನ್ನು ನೋಡಿದ, ಚಹಾ ಕುಡಿದ, ಪುಟ ತಿರುಗಿಸಿ ಮೊಹರು ಒತ್ತಿಬಿಟ್ಟ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿಯಲಿ.

ಫೆಬ್ರವರಿ ೨೦, ಮಂಗಳವಾರ

ಕೆಲಸ ವಹಿಸಿಕೊಡುವ ಪುಸ್ತಕದಲ್ಲಿ ಆರು ಪುಟ ತುಂಬಿಸಿದ್ದೇನೆ. 'ಎರಡು ವಾಕ್ಯಗಳಲ್ಲಿ ಉತ್ತಮವಾದದ್ದನ್ನು ಆರಿಸತಕ್ಕದ್ದು.' 'ಓದುಗರನ್ನು ಗಮನದಲ್ಲಿಡತಕ್ಕದ್ದು.' ಇಂಥ ಹೊಟ್ಟು ಆರು ಪುಟ. ಕುಟ್ಟಿಕೊಳ್ಳಲಿ, ಒಂದು ಕಾಳು ಸಿಗುವುದಿಲ್ಲ.

ಮಧ್ಯಾಹ್ನ ಹೊನ್ಮಾ ತಾನೇ ಎದ್ದು ಬಂದ. ಕೈಯಲ್ಲಿ ಅವನೇ ಬರೆಯುತ್ತಿದ್ದ ಸ್ಟೀಮರ್ ಪಾತ್ರೆಯ ಪುಸ್ತಿಕೆ.

"ಇಗರಾಶಿಯವ್ರೇ, ಒಂದು ಸಣ್ಣ ಅನುಮಾನ. ನೀರನ್ನ 'ಗೆರೆವರೆಗೆ ತುಂಬಿ' ಅನ್ನೋದಾ, 'ಗೆರೆ ದಾಟಿಸ್ಬೇಡಿ' ಅನ್ನೋದಾ? ಎರಡೂ ಒಂದೇ ಅಲ್ವಾ?"

"ನಿಮ್ದೇ ಪದ್ಧತಿ ಇದ್ಯಲ್ಲಾ, ಹೊನ್ಮಾ ಅವ್ರೇ. ರಟ್ಟು ಹಾಕ್ಸಿದ್ದು."

ಕಿವಿ ಕೆಂಪಾಯಿತು. ಆದರೂ ಹೋಗಲಿಲ್ಲ. ನನಗೂ ತಡೆಯಲಾಗಲಿಲ್ಲ, ಅವನ ಮೇಲೆ ಕನಿಕರ ಬಂದು ಅಲ್ಲ, ತಪ್ಪು ವಾಕ್ಯ ಕಿವಿಯಲ್ಲಿ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು.

"ಒಂದೇ ಹೇಗಾಗತ್ತೆ? 'ಗೆರೆವರೆಗೆ ತುಂಬಿ' ಅಂದ್ರೆ ಒಬ್ಬಳಿಗೇ ಎರಡು ಗೆಣಸು ಬೇಯಿಸ್ಕೊಳ್ಳೋ ಮುದುಕಿನೂ ಗೆರೆವರೆಗೆ ತುಂಬಿಸ್ತಾಳೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಜನಕ್ಕೆ ಬರೀತಾ ಇದ್ದೀವಿ. 'ದಾಟಿಸ್ಬೇಡಿ' ಅನ್ನಿ. ಎಷ್ಟು ಹಾಕ್ಬೇಕು ಅನ್ನೋದು ಅವಳಿಗೆ ಬಿಟ್ಟಿದ್ದು."

"ಆಹಾ" ಅಂದು ಬರೆದುಕೊಂಡ. ಬರೆದುಕೊಳ್ಳಲಿ, ಇದೊಂದರಿಂದ ಅವನೇನೂ ಬದುಕಿಕೊಳ್ಳುವುದಿಲ್ಲ. ಇನ್ನೂ ಮೂರು ಕೇಳಿದ. ಮೂರಕ್ಕೂ ಹೇಳಿ ಕಳಿಸಿದೆ, ಬೇಗ ತೊಲಗಲಿ ಎಂದು.

ಮಾರ್ಚ್ ೨, ಶುಕ್ರವಾರ

ಹ್ಯಾಸ್ಕಲನಿಂದ ಇನ್ನೂ ಸುದ್ದಿಯಿಲ್ಲ. ಮುದುಕ ಪೆನ್ಸಿಲ್ ಕೆತ್ತಿಕೊಳ್ಳುತ್ತಿರಬೇಕು. ಮನಸ್ಸಿನಲ್ಲೇ ಅವನ ಪತ್ರವನ್ನು ಬರೆದು ಬರೆದು ನೋಡುತ್ತಿದ್ದೇನೆ. ದಿನದಿನಕ್ಕೂ ರುಚಿ ಹೆಚ್ಚುತ್ತಿದೆ.

ಮಾರ್ಚ್ ೯, ಶುಕ್ರವಾರ

ಒಹಾಯೊದಿಂದ ಟೆಲೆಕ್ಸ್ ತಂತಿ ಬಂತು. ಎರಡೇ ಸಾಲು. ಹ್ಯಾಸ್ಕಲ್ ಜನವರಿಯಲ್ಲೇ ನಿವೃತ್ತನಾದನಂತೆ. ಹೊಸಬ ಬರೆದಿದ್ದಾನೆ, 'ಮಿಸೆಸ್ ಇಗರಾಶಿ ನೋಡಿದ್ದಾರೆಂದ ಮೇಲೆ ನಾವು ನೋಡುವ ಅಗತ್ಯವಿಲ್ಲ. ಅಚ್ಚು ಮಾಡಿ.'

ಅಚ್ಚಿಗೆ ಕೊಟ್ಟೂ ಆಯಿತು. ಬೆಳಿಗ್ಗೆಯೇ ಪಕ್ಕದ ಊರು ಸಂಜೋದ ಮುದ್ರಣಾಲಯಕ್ಕೆ ಹೋಗಿದೆ, ಹನ್ನೆರಡು ಸಾವಿರ ಪ್ರತಿ. ಅದಕ್ಕೂ ಮುಂಚೆ ತುರ್ತಿಗೆಂದು ಇಲ್ಲೇ ನಲವತ್ತು ಪ್ರತಿ ತೆಗೆಸಿ, ಅಂಗಡಿಗಳಲ್ಲಿ ತೋರಿಸುವ ನಲವತ್ತು ಕುಕ್ಕರುಗಳ ಜೊತೆ ವಿಮಾನಕ್ಕೆ ಹಾಕಿದ್ದಾರಂತೆ. ನನಗೆ ಯಾರೂ ಹೇಳಲಿಲ್ಲ. ಹೋಗುವವಳಿಗೆ ಯಾಕೆ ಹೇಳುತ್ತಾರೆ?

ಐದು ಮೊಹರು. ವಿನ್ಯಾಸದವರು ಹೊನ್ಮಾನ ಮೊಹರು ನೋಡಿ ಒತ್ತಿದರು, ಮಾರಾಟದವರು ವಿನ್ಯಾಸದವರದು ನೋಡಿ ಒತ್ತಿದರು, ತಮಾಕಿ ನಾಲ್ಕೂ ನೋಡಿ ಒತ್ತಿದರು. ಕಾಗದ ನೋಡಿದವರು ಯಾರು? ಸಮುದ್ರದಾಚೆಯವನೂ ನನ್ನ ಮೊಹರನ್ನೇ ಓದಿದ.

ಮಾರ್ಚ್ ೧೦, ಶನಿವಾರ

ಏನೂ ಆಗುವುದಿಲ್ಲ. ಕುಕ್ಕರ್ ಬಳಸುವವರಿಗೆ ಅಷ್ಟು ಬುದ್ಧಿ ಇದ್ದೇ ಇರುತ್ತದೆ.

ಮಾರ್ಚ್ ೧೨, ಸೋಮವಾರ

ಒಂದು ವೇಳೆ ಏನಾದರೂ ಆದರೆ ಹೊನ್ಮಾ ಮುಗಿದ ಹಾಗೆ. ನಾನು ಬಯಸಿದ್ದಕ್ಕಿಂತ ಹತ್ತು ಪಟ್ಟು. ಸಂತೋಷಪಡಬೇಕು. ಊಟ ಸೇರಲಿಲ್ಲ.

ಮಾರ್ಚ್ ೧೩, ಮಂಗಳವಾರ

ಮನೆಯ ಬೀರುವಿನಿಂದ ಒಂದು ಪತ್ರ ಹೊರತೆಗೆದೆ. ಹದಿನೆಂಟು ವರ್ಷದ ಹಿಂದಿನದು. ಮುಚ್ಚಳದ ಚೀಟಿ ನಾನು ಬರೆಯುವುದಕ್ಕೆ ಕಾರಣವಾದ ಪತ್ರ ಇದು. ಯಾರಿಗೂ ತೋರಿಸಿಲ್ಲ, ಅಮ್ಮನಿಗೂ.

ವಿಸ್ಕಾನ್ಸಿನ್ ಎಂಬ ಕಡೆಯಿಂದ ಒಬ್ಬ ಹೆಂಗಸು ಬರೆದದ್ದು. ಗುಂಡಗಿನ ಅಕ್ಷರ. ಕುಕ್ಕರ್ ತೆರೆದಾಗ ಆವಿ ಹೊಡೆದು ಎಡಗೆನ್ನೆಯೂ ಕಣ್ಣಿನ ರೆಪ್ಪೆಯೂ ಸುಟ್ಟಿತು, ಈಗ ಮೂರು ತಿಂಗಳಾಯಿತು, ಪರವಾಗಿಲ್ಲ, ಅಂತ ಇದೆ. ಬೈಗುಳ ಒಂದೂ ಇಲ್ಲ. ಕೊನೆಯ ಸಾಲು ಹೀಗಿದೆ: 'ನಿಮ್ಮ ಪುಸ್ತಿಕೆಯನ್ನು ಮತ್ತೆ ಓದಿದೆ. ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದೀರಿ. ನಾನೇ ಪೂರ್ತಿ ಓದುವ ಮುಂಚೆ ಅವಸರ ಮಾಡಿದೆನೇನೋ, ಕ್ಷಮಿಸಿ.'

ಕ್ಷಮಿಸಿ! ಸುಟ್ಟುಕೊಂಡವಳು ಅವಳು, ಸುಟ್ಟವಳು ನಾನು, ಕ್ಷಮೆ ಕೇಳಿದವಳು ಅವಳು. ಉತ್ತರ ಬರೆಯಲು ನನಗೆ ಧೈರ್ಯ ಬರಲಿಲ್ಲ. ಚೀಟಿ ಬರೆದೆ.

ಆ ವಾಕ್ಯವನ್ನೇ ನಾನು ಮತ್ತೆ ಬರೆದಿದ್ದೇನೆ. ಅವತ್ತು ತಿಳಿಯದೆ ಬರೆದೆ, ಈ ಸಲ ತಿಳಿದೂ ತಿಳಿದೂ ಬರೆದೆ.

ಮಾರ್ಚ್ ೧೫, ಗುರುವಾರ

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಹೊನ್ಮಾನ ಮೇಜಿನ ಮುಂದೆ ನಿಂತೆ. ಮರ್ಯಾದೆಯ ಮಾತು ಬಾಯಿಗೆ ಬರಲಿಲ್ಲ.

"ಏಳನೇ ಪುಟ ತೆಗಿ. ಮುಚ್ಚಳದ ವಾಕ್ಯ ತಿರುಗಾಮುರುಗಾ ಇದೆ. ನಾನೇ ಬರ್ದೆ. ಬೇಕೂಂತ್ಲೇ ಬರ್ದೆ, ನಿನ್ನ ಮರ್ಯಾದೆ ತೆಗೀಬೇಕು ಅಂತ."

ಅವನು ಪುಟ ತೆಗೆಯಲಿಲ್ಲ. ಊಟದ ಡಬ್ಬಿಯ ಮುಚ್ಚಳ ಹಾಕಿದ.

"ತಿರುಗಾಮುರುಗಾ ಇರೋದು ಗೊತ್ತು" ಅಂದ. "ಮೊಹರು ಒತ್ತೋವಾಗ್ಲೇ ನೋಡ್ದೆ."

"ನೋಡೀನೂ ಒತ್ತಿದ್ಯಾ?"

"ಮೊದಲ್ನೇ ಮೊಹರು ನಿಮ್ದಲ್ವಾ? ಹ್ಯಾಸ್ಕಲ್ ಕೆಂಪು ಸುತ್ತು ಹಾಕಿ ವಾಪಸ್ ಕಳಿಸ್ತಾನೆ, ಒಂದು ಸಲ ನಿಮ್ಮ ಬರವಣಿಗೆ ಎಲ್ಲರೆದುರು ಕೆಂಪಾಗ್ಲಿ ಅಂದ್ಕೊಂಡೆ. ಒಂಬತ್ತು ವರ್ಷ! ನಾನು ಬರ್ದಿದ್ದನ್ನೆಲ್ಲಾ ಗೀಚಿ ಗೀಚಿ ಎಲ್ಲರ ಕಣ್ಮುಂದೆ ನನ್ನ ಮೇಜಿನ ಮೇಲೆ ಎಸೆದ್ರಿ. 'ಪರ್ವಾಗಿಲ್ಲ ಕಣಯ್ಯ' ಅಂತ ಒಂದು ದಿನ, ಒಂದೇ ಒಂದು ದಿನ ಅಂದಿದ್ರಾ?"

"ಅದಕ್ಕೆ ಚೀಟಿ ಕದ್ಯಾ?"

"ಕದ್ದೆ. ನಿಮ್ಮ ಹೆಸ್ರು ಹಾಕ್ದೇ ಇದ್ದಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಅದ್ರಲ್ಲಿ ಇನ್ನೂರು ಚೀಟಿ ನಾನು ಹುಡುಕಿ ಕೊಟ್ಟಿದ್ದು. ಅದನ್ನ ನೀವು ಯಾರಿಗಾದ್ರೂ ಹೇಳಿದ್ರಾ?"

"ಇನ್ನೂರಲ್ಲ, ನೂರ ಎಪ್ಪತ್ತು."

ಬಾಯಿಂದ ಬಂದೇ ಹೋಯಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಹ್ಯಾಸ್ಕಲ್ ಇಲ್ಲ ಅಂತ ಗೊತ್ತಾದ ಮೇಲೆ ನಿದ್ದೆ ಬಂತಾ ನಿಮಗೆ?"

"ಇಲ್ಲ."

"ನಂಗೂ ಇಲ್ಲ. ದಿನಾ ನಿಮ್ಮ ಮೇಜಿನ ತನಕ ಬಂದು ವಾಪಸ್ ಹೋಗ್ತಿದ್ದೆ."

ಅವನು ಕದ್ದದ್ದಕ್ಕಿಂತ ಇದೇ ನನಗೆ ಹೆಚ್ಚು ಉರಿಯಿತು. ಇಬ್ಬರೂ ಒಂದೇ ಹಳ್ಳ ತೋಡಿ, ದಡದ ಎರಡು ಕಡೆ ಕಾಯುತ್ತಾ ಕೂತಿದ್ದೆವು. ಅದರೊಳಗೆ ಬೀಳುವವಳು ಸಮುದ್ರದಾಚೆ ಎಲ್ಲೋ ಒಲೆ ಹಚ್ಚುತ್ತಿದ್ದಾಳೆ, ಅವಳ ಹೆಸರೂ ನಮಗೆ ಗೊತ್ತಿಲ್ಲ.

ಮಾರ್ಚ್ ೧೬, ಶುಕ್ರವಾರ

ನಿನ್ನೆ ಮಧ್ಯಾಹ್ನವೇ ಹೊನ್ಮಾ ಸಂಜೋಗೆ ಫೋನ್ ಮಾಡಿ ಹನ್ನೆರಡು ಸಾವಿರ ಪ್ರತಿಗಳನ್ನೂ ತಡೆದ. ಉಳಿದದ್ದು ಹಾರಿಹೋದ ನಲವತ್ತು. ಟೆಲೆಕ್ಸ್ ಕೋಣೆಗೆ ಇಬ್ಬರೂ ಹೋದೆವು. ಅವನ ಕರಡು ಹೀಗಿತ್ತು: 'ಏಳನೆಯ ಪುಟದತ್ತ ತಮ್ಮ ಗಮನ ಹರಿಸಿದಲ್ಲಿ ಕೃತಜ್ಞರಾಗಿರುತ್ತೇವೆ.'

"ಇದೇನು ಮದುವೆ ಕರೆಯೋಲೆನಾ?" ಅಂದೆ. ಹೊಡೆದು ಹಾಕಿ ಬರೆದೆ. 'ಏಳನೆಯ ಪುಟ ತಪ್ಪು. ಹರಿದು ಹಾಕಿ.'

"ಏಳನೇ ಪುಟದಲ್ಲಿ ಒಂದು ತಪ್ಪಿದೆ ಅಂತ ಹಾಕೋಣ್ವಾ? ಸ್ವಲ್ಪ ಮೆತ್ತಗಾಗತ್ತೆ."

"ಹಾಗಂದ್ರೆ ಕನ್ನಡಕ ಹಾ‌ಕ್ಕೊಂಡು ಆ ಒಂದು ತಪ್ಪು ಎಲ್ಲಿದೆ ಅಂತ ಹುಡುಕ್ತಾ ಕೂರ್ತಾನೆ. ಇಂಗ್ಲಿಷ್ ಸರಿಯಾಗೇ ಇದೆ, ಸಿಗಲ್ಲ. ಪುಟಾನೇ ತಪ್ಪು ಅನ್ಬೇಕು."

ಅವನು ಪೆನ್ಸಿಲ್ ತೆಗೆದುಕೊಂಡ. "ಹಾಗಾದ್ರೆ 'ಹರಿದು ಹಾಕಿ' ಅನ್ನೋದೇ ಮೊದಲು ಬರ್ಲಿ. ಕೈಗೆ ಕೆಲಸ ಕೊಟ್ಟುಬಿಡೋಣ. ಕಾರಣ ಆಮೇಲೆ ಓದ್ಕೊಳ್ಳಲಿ."

ಸರಿ ಇತ್ತು. ನನ್ನದಕ್ಕಿಂತ ಸರಿ ಇತ್ತು. ಯಂತ್ರದವರಿಗೆ ಹಾಗೇ ಕಳಿಸಲು ಕೊಟ್ಟೆ. ಕೆಳಗೆ ಎರಡು ಹೆಸರು.

ಮಾರ್ಚ್ ೧೭, ಶನಿವಾರ

ತಮಾಕಿಯವರ ಮುಂದೆ ನಿಂತೆವು. "ಇದು ಯಾರ ತಪ್ಪು?" ಎಂದು ಕೇಳಿದರು. ನನ್ನದು ಎಂದೆ. ಹೊನ್ಮಾ ನೆಲ ನೋಡುತ್ತಾ ಸುಮ್ಮನಿದ್ದ, ಅವನ ಮೇಲೆ ನನ್ನ ಹಳೆಯ ದ್ವೇಷವೆಲ್ಲ ಹೊಸದಾಗಿ ಉಕ್ಕಿ ಬರುವಷ್ಟು ಹೊತ್ತು. ಆಮೇಲೆ, "ಓದಿ ಒತ್ತಿದವ್ನು ನಾನು. ನಂದೂ ಹೌದು" ಅಂದ.

ಬೇಕೆಂದೇ ಮಾಡಿದ್ದು ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ಹೇಳಲು ನಾನು ತಯಾರಾಗಿಯೇ ಹೋಗಿದ್ದೆ. ಹೇಳಿದರೆ ಅವನೂ ಹೇಳಬೇಕಾಗುತ್ತಿತ್ತು, ಅವನಿಗೆ ಎರಡು ವರ್ಷದ ಮಗಳಿದ್ದಾಳೆ. ಅವನಿಗಾಗಿ ಅಲ್ಲ, ಆ ಮಗುವಿಗಾಗಿ ಸುಮ್ಮನಾದೆ. ಇಪ್ಪತ್ತಾರು ವರ್ಷದ ಕೊನೆಗೆ ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದೆ. ಪಕ್ಕದಲ್ಲಿ ಅವನೂ ಬಗ್ಗಿದ್ದ. ಅವನ ತಲೆ ತಗ್ಗಿದ್ದನ್ನು ನೋಡಬೇಕೆಂದಿದ್ದೆ, ಆದರೆ ನನ್ನ ತಲೆಯೂ ತಗ್ಗಿದ್ದರಿಂದ ಕಾಣಿಸಲಿಲ್ಲ.

ಶಿಕ್ಷೆ ಎಂದರೆ ಇದು. ಹನ್ನೆರಡು ಸಾವಿರ ಪ್ರತಿಗೂ ಸರಿಯಾದ ವಾಕ್ಯದ ಚೂರನ್ನು ಅಂಟಿಸಬೇಕು. ತಪ್ಪು ಮಾಡಿದವರೇ, ಕೈಯಾರೆ.

ಮಾರ್ಚ್ ೨೧, ಬುಧವಾರ

ಇವತ್ತು ರಜೆ, ಆದರೂ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ. ಚೂರು ಎರಡು ಬೆರಳಗಲ, ಅಕ್ಕಿ ಗಂಜಿಯ ಅಂಟು. ನಾನು ಬಳಿಯುತ್ತೇನೆ, ಅವನು ಅಂಟಿಸುತ್ತಾನೆ. ಮೊದಲ ಎರಡು ದಿನ ಒಂದು ಮಾತೂ ಇಲ್ಲ. ಇವತ್ತು ನಾಲ್ಕು ಸಾವಿರ ದಾಟಿದ ಮೇಲೆ ಕೇಳಿದ.

"ಚೀಟಿಗಳ ಹಿಂದ್ಗಡೆ ಏನೇನು ಬರ್ದಿದ್ದೀರಿ?"

"ನಕಲು ಮಾಡೋವಾಗ ತಿರುಗಿಸಿ ನೋಡ್ಬೇಕಿತ್ತು."

"ನೋಡ್ದೆ. ನಿಮ್ಮ ಇಂಗ್ಲಿಷ್ ಓದ್ಬೋದು, ಜಪಾನಿ ಕೈಬರಹ ನನಗೆ ಓದಕ್ಕಾಗ್ಲಿಲ್ಲ."

ಅದಕ್ಕೇ ಮುಂದುಗಡೆ ಮಾತ್ರ! ನಗು ಬಂತು, ನುಂಗಿಕೊಂಡೆ. ಕೈ ನಿಧಾನವಾಗಬಾರದಲ್ಲ ಎಂದು ಒಂದೊಂದೇ ಹೇಳತೊಡಗಿದೆ. 'ಖಚಿತಪಡಿಸಿಕೊಳ್ಳಿ' ಎಂದರೆ ಜನ ತಲೆಯಾಡಿಸಿ ಮುಂದೆ ಹೋಗುತ್ತಾರೆ, 'ಬೆರಳಿಂದ ಮುಟ್ಟಿ ನೋಡಿ' ಎಂದರೆ ಮುಟ್ಟುತ್ತಾರೆ. 'ಎಚ್ಚರಿಕೆಯಿಂದ' ಎಂಬ ಮಾತಿನಿಂದ ಯಾರೂ ಎಚ್ಚರವಾದದ್ದಿಲ್ಲ. ಅವನು ಹಾಳಾದ ಹಾಳೆಗಳ ಹಿಂದೆ ಬರೆದುಕೊಳ್ಳುತ್ತಾ ಹೋದ. ಸುಮ್ಮನೆ ಹೊತ್ತು ಕಳೆಯಲು ಹೇಳಿದ್ದು, ಅಷ್ಟೇ. ವಿಸ್ಕಾನ್ಸಿನ್ನಿನ ಹೆಂಗಸಿನ ವಿಷಯವನ್ನೂ ಹೇಳಿಬಿಟ್ಟೆ. ಅವನು ಅಂಟಿಸುವುದನ್ನು ನಿಲ್ಲಿಸಿ ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದ.

ಮಾರ್ಚ್ ೨೭, ಮಂಗಳವಾರ

ಒಹಾಯೊದಿಂದ ಉತ್ತರ. ಮೂವತ್ತೊಂಬತ್ತು ಪುಸ್ತಿಕೆಗಳ ಏಳನೆಯ ಪುಟ ಹರಿದಾಗಿದೆ. ಒಂದು ಕುಕ್ಕರನ್ನು ಮಾತ್ರ ಯಾವುದೋ ಸಣ್ಣ ಊರಿನ ಅಂಗಡಿಯವನು, ತೋರಿಸುವುದಕ್ಕಷ್ಟೇ ಎಂದು ಹೇಳಿದ್ದರೂ ಕೇಳದೆ ಮಾರಿಬಿಟ್ಟಿದ್ದಾನೆ. ಕೊಂಡವಳು ಒಬ್ಬ ವಯಸ್ಸಾದ ಹೆಂಗಸು. ಹೆಸರು ಗೊತ್ತಿಲ್ಲ. ಹುಡುಕುತ್ತಿದ್ದಾರೆ.

ಮಾರ್ಚ್ ೨೮, ಬುಧವಾರ

ಇಲ್ಲ.

ಮಾರ್ಚ್ ೨೯, ಗುರುವಾರ

ಇಲ್ಲ. ಅಮ್ಮ ಕುಕ್ಕರಿನ ಮುಚ್ಚಳ ತೆಗೆದ ಸದ್ದಿಗೆ ಚೀರಿದೆ. "ನಿನಗೇನೇ ಬಂತು?" ಎಂದು ಬೈದಳು. ಹೋಗಿ ಅವಳ ಕೆನ್ನೆ ಮುಟ್ಟಿ ನೋಡಿದೆ.

ಮಾರ್ಚ್ ೩೦, ಶುಕ್ರವಾರ

ಕೆಲಸ ವಹಿಸಿಕೊಡುವ ಪುಸ್ತಕ ತಮಾಕಿಯವರಿಗೆ ತಲುಪಿದೆ. ನನ್ನ ಆರು ಪುಟವಲ್ಲ. ಹಾಳಾದ ಹಾಳೆಗಳಲ್ಲಿ ಬರೆದುಕೊಂಡದ್ದನ್ನೆಲ್ಲ ಹೊನ್ಮಾ ಶುದ್ಧಪ್ರತಿ ಮಾಡಿ ಕಟ್ಟಿಸಿದ್ದಾನೆ, ಇನ್ನೂರ ಹತ್ತು ಪುಟ. ಮೇಲೆ 'ಇಗರಾಶಿ ಮಿಸಾವೊ' ಎಂದು ನನ್ನ ಹೆಸರು. ನಾನೇನೂ ಕೇಳಿರಲಿಲ್ಲ. ಎಂಟನೆಯ ಪುಟದಲ್ಲಿ ಒಂದು ತಪ್ಪು ಮಾಡಿದ್ದಾನೆ.

ಒಹಾಯೊದಿಂದ ಏನೂ ಇಲ್ಲ. ನಾಳೆಗೆ ನನ್ನ ಬಾಗಿಲು ಮುಚ್ಚುತ್ತದೆ. ಆಮೇಲೆ ಸುದ್ದಿ ಬಂದರೂ ನನಗೆ ಯಾರು ಹೇಳುತ್ತಾರೆ?

ಮಾರ್ಚ್ ೩೧, ಶನಿವಾರ

ಬೆಳಿಗ್ಗೆ ಮೇಜಿನಿಂದ ಮೇಜಿಗೆ ಹೋಗಿ ಬಿದಿರೆಲೆಯಲ್ಲಿ ಸುತ್ತಿದ ಸಿಹಿ ಕಡುಬು ಹಂಚಿದೆ. ಹೋಗುವವರು ಹಂಚಬೇಕು. ಹನ್ನೊಂದಕ್ಕೆ ಎಲ್ಲರೂ ಎದ್ದು ನಿಂತರು. ತಮಾಕಿಯವರು ನನ್ನ ಕೈಗೆ ಹೂಗುಚ್ಛ ಕೊಟ್ಟು ಭಾಷಣ ಶುರು ಮಾಡಿದರು. 'ಕಾರ್ಖಾನೆಯ ಆಧಾರಸ್ತಂಭ' ಎಂದೇನೋ ಹೇಳುತ್ತಿದ್ದರು. ನನ್ನ ಕಿವಿ ಇದ್ದದ್ದು ಪಕ್ಕದ ಕೋಣೆಯ ಯಂತ್ರದ ಮೇಲೆ. ಹೊನ್ಮಾನ ಜಾಗ ಖಾಲಿಯಿತ್ತು. ಕೊನೆಯ ದಿನವೂ ಎದುರಿಗೆ ನಿಲ್ಲುವ ಯೋಗ್ಯತೆ ಇಲ್ಲ ಅಂದುಕೊಂಡೆ.

ಆಗ ಟೆಲೆಕ್ಸ್ ಟಕಟಕ ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ಹೊನ್ಮಾ ಉದ್ದನೆಯ ಕಾಗದ ಹಿಡಿದುಕೊಂಡು ಆ ಕೋಣೆಯಿಂದಲೇ ಬಂದ. ಬೆಳಗಿನಿಂದ ಅಲ್ಲೇ ಕೂತಿದ್ದನಂತೆ. ಮುಖದಿಂದ ಏನೂ ತಿಳಿಯಲಿಲ್ಲ. ನಿರ್ದೇಶಕರು ಮಾತಾಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ನೇರ ನನ್ನ ಹತ್ತಿರ ಬಂದ.

"ಗುರುಗಳೇ, ಸಿಕ್ಕಿದ್ಲು."

"ಮುಖ?"

"ಚೆನ್ನಾಗಿದ್ದಾಳೆ. ಎಪ್ಪತ್ತು ವರ್ಷ. ಆರು ಸಲ ಬೀನ್ಸ್ ಕಾಳು ಬೇಯಿಸಿದ್ದಾಳಂತೆ. ಏನೂ ಆಗಿಲ್ಲ."

"ಏಳನೇ ಪುಟ?"

ಅವನು ಕಾಗದ ಬಿಚ್ಚಿದ. ಓದಿ ಹೇಳಿದ. "ಹರಿಯಕ್ಕೆ ಹೋದವ್ರಿಗೆ ಪುಸ್ತಿಕೆ ಕೈಗೇ ಸಿಗ್ಲಿಲ್ವಂತೆ. ಅಡುಗೆಮನೆ ಮೇಜು ಅಲ್ಲಾಡ್ತಿತ್ತು ಅಂತ ತಂದ ದಿನಾನೇ ಅದರ ಕಾಲಿನ ಕೆಳಗೆ ಮಡಚಿ ಇಟ್ಟಿದ್ದಾಳಂತೆ. ತೆರೆದೇ ನೋಡಿಲ್ಲ. 'ಪಾತ್ರೆ ಮುಚ್ಚಳ ತೆಗೆಯೋದನ್ನ ನಮ್ಮಮ್ಮ ತೋರಿಸಿಕೊಟ್ಟಿದ್ದಾಳೆ, ಅದಕ್ಕೂ ಒಂದು ಪುಸ್ತಕಾನಾ' ಅಂತ ಅವರನ್ನೇ ಬೈದು ಕಳ್ಸಿದ್ಲಂತೆ."

ಇಪ್ಪತ್ತಾರು ವರ್ಷ! ಸಾವಿರದ ನೂರ ನಲವತ್ತು ಚೀಟಿ! ಮಹಾರಾಣಿ ತೆರೆದೂ ನೋಡಲಿಲ್ಲ! ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಹೂಗುಚ್ಛದಲ್ಲಿ ಮುಖ ಮುಚ್ಚಿಕೊಂಡು ಎಲ್ಲರೆದುರು ಬಿಕ್ಕಿದೆ. ಬೀಳ್ಕೊಡುಗೆಯ ದುಃಖ ಎಂದುಕೊಂಡು ತಮಾಕಿಯವರೂ ಕಣ್ಣೊರೆಸಿಕೊಂಡರು. ಅಷ್ಟು ಹಗುರ ನನಗೆ ಎಂದೂ ಆಗಿರಲಿಲ್ಲ.

"ಮೇಜು ಈಗ ಅಲ್ಲಾಡದೆ ನಿಂತಿದ್ಯಂತಾ, ಕೇಳ್ಬೇಕಿತ್ತು" ಅಂದೆ, ಮೂಗು ಒರೆಸಿಕೊಂಡು.

"ಕೇಳಿದೀನಿ. ಗಟ್ಟಿಯಾಗಿ ನಿಂತಿದ್ಯಂತೆ."

ಆ ಹೆಂಗಸಿನ ಮೇಲೆ ನನಗೆ ಬಂದಿರುವ ಸಿಟ್ಟು ಇಷ್ಟು ಬೇಗ ಇಳಿಯುವಂಥದ್ದಲ್ಲ. ಹೊನ್ಮಾನನ್ನಂತೂ ನಾನು ಕ್ಷಮಿಸಿಲ್ಲ. ನಾಳೆ ಭಾನುವಾರ ಹತ್ತು ಗಂಟೆಗೆ ಮನೆಗೆ ಬಾ ಎಂದಿದ್ದೇನೆ, ಸ್ಟೀಮರಿನ ಪುಸ್ತಿಕೆ ತೆಗೆದುಕೊಂಡು. ಅದರ ಎರಡನೆಯ ಪುಟವನ್ನು ಕೆಟ್ಟದಾಗಿ ಬರೆದಿದ್ದಾನೆ.